ಮೊದಲು ದುಡ್ಡು, ಆಮೇಲೆ ಪೈಪು

ನನ್ನ ಗಂಡ ಡೀಸೆಲ್ ಟ್ಯಾಂಕರಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಾಗ ನಮ್ಮ ಮನೆಗೆ ಬಂದಷ್ಟು ಬಾಳೆಹಣ್ಣು ನಮ್ಮ ಮದುವೆಗೂ ಬಂದಿರಲಿಲ್ಲ. ಹೊಳಲ್ಕೆರೆ ಕಡೆಯ ಕ್ರಷರಿನವರು ಬಂದರು, ಹಿರಿಯೂರಿನ ಬೋರ್‌ವೆಲ್ ಗಾಡಿಯವರು ಬಂದರು, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕ್ರೇನಿನವರು ಬಂದರು. ಮಂಚದ ಪಕ್ಕ ಕೂತು ಕಾಫಿ ಕುಡಿದು, "ಏನೇ ಇದ್ರೂ ಒಂದ್ ಮಾತು ಹೇಳ್ರಿ ಅಕ್ಕ, ನಾವೆಲ್ಲಾ ಇದೀವಿ" ಎಂದು ಹೇಳಿ ಎದ್ದರು. ಅವರಲ್ಲಿ ಒಬ್ಬೊಬ್ಬರೂ ನಮಗೆ ಡೀಸೆಲ್ಲಿನ ದುಡ್ಡು ಕೊಡಬೇಕಿತ್ತು. ಹಣ್ಣು ತಂದರು, ಬಾಕಿ ತರಲಿಲ್ಲ. ಆಸ್ಪತ್ರೆಯವರಿಗೆ ಹಣ್ಣು ಕೊಟ್ಟು ಬಿಲ್ಲು ಚುಕ್ತಾ ಮಾಡಲು ಬರುವುದಿಲ್ಲವಲ್ಲ. ನನ್ನ ಎರಡು ಬಳೆ ಹೋದವು.

ನಮ್ಮದು ಬಂಕಲ್ಲ. ಸ್ವಂತದ್ದೊಂದು ಸಣ್ಣ ಟ್ಯಾಂಕರು. ಅದರ ಹಿಂದುಗಡೆ ಬಂಕಿನಲ್ಲಿ ಇರುವಂಥದೇ ಮೀಟರು, ಪೈಪು. ಚಿತ್ರದುರ್ಗದ ಹೊರಗೆ ಹೆದ್ದಾರಿ ಪಕ್ಕದ ಬಂಕಿನಲ್ಲಿ ಡೀಸೆಲ್ ತುಂಬಿಸಿಕೊಂಡು, ಬಂಕಿನ ತನಕ ಬರಲಾಗದ ಯಂತ್ರಗಳು ಎಲ್ಲಿವೆಯೋ ಅಲ್ಲಿಗೇ ಹೋಗಿ ಹಾಕಿ ಬರುವುದು ನಮ್ಮ ಕೆಲಸ. ಬಂಕಿನವರು ದುಡ್ಡು ಬರದೆ ಒಂದು ಹನಿಯನ್ನೂ ತುಂಬುವುದಿಲ್ಲ. ನಮ್ಮ ಹತ್ತಿರ ಹಾಕಿಸಿಕೊಳ್ಳುವವರು ಮಾತ್ರ 'ಶನಿವಾರ' ಎನ್ನುತ್ತಾರೆ. ಯಾವ ಶನಿವಾರ ಎಂದು ಅವರು ಹೇಳುವುದಿಲ್ಲ, ನಮ್ಮ ಯಜಮಾನರೂ ಕೇಳುತ್ತಿರಲಿಲ್ಲ. ಕೊಟ್ಟಾಗಲೂ ಪೂರ್ತಿ ಕೊಡುವವರು ಕಡಿಮೆ. ಒಂದಷ್ಟು ನೋಟು ಮಡಿಚಿ ಇವರ ಜೇಬಿಗೆ ತುರುಕಿ ಬೆನ್ನು ತಟ್ಟುವುದು. ಇವರು ಎಣಿಸಿದರೆ ಅವರಿಗೆ ಬೇಜಾರಾಗುತ್ತದೆ ಎಂದು ಎಣಿಸುತ್ತಲೂ ಇರಲಿಲ್ಲ. ಟೋಲು, ಟೀ, ಗಾಳಿ, ಪಂಕ್ಚರು ಎಲ್ಲಾ ಅದೇ ಜೇಬಿನಿಂದ. ಸಂಜೆ ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕಿದರೆ, ಆ ಜೇಬಿನಲ್ಲಿ ಉಳಿದದ್ದೇ ನಮ್ಮ ಸಂಪಾದನೆ. ಊರಿನಲ್ಲೆಲ್ಲಾ ಅವರಿಗೆ ಒಳ್ಳೆಯ ಹೆಸರಿತ್ತು. ಇರದೇ ಏನು?

ಅವರು ಬಿದ್ದದ್ದು ಬಂಕಿನಲ್ಲಿಯೇ. ಟ್ಯಾಂಕಿನ ಮೇಲೆ ಹತ್ತಿ, ಮುಚ್ಚಳ ತೆಗೆದು, ಕಡ್ಡಿ ಇಳಿಸಿ ಎಷ್ಟು ತುಂಬಿದೆ ನೋಡುವಾಗ ಚಪ್ಪಲಿ ಸಿಕ್ಕಿಕೊಂಡಿತು. ಡಾಕ್ಟರು ರಾಡು ಹಾಕಿದರು, ಮಲಗಿರಬೇಕು ಎಂದರು. ಎಷ್ಟು ಕಾಲ ಎಂದು ಕೇಳಿದರೆ ಆ ಕಡೆ ಈ ಕಡೆ ನೋಡಿದರು.

"ಗಾಡಿ ಯಾರಿಗಾದ್ರೂ ಬಾಡಿಗೆಗೆ ಕೊಟ್ಬಿಡಾಣ" ಎಂದರು ಯಜಮಾನರು.

"ಬ್ಯಾಡ. ನಾನು ಹೋಗ್ತೀನಿ."

"ನೀನಾ? ಅಲ್ಲೆಲ್ಲಾ ಎಂಥೆಂಥಾ ಜನ ಇರ್ತಾರೆ ಗೊತ್ತೈತಾ?"

"ನೋಡಿದೀನಿ. ಮನಿಗ್ ಬಂದು ಕಾಫಿ ಕುಡುದ್ರಲ್ಲ" ಎಂದೆ.

ಗಾಡಿ ಓಡಿಸಲು ನನಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಮೊದಲಿಂದಲೂ ಒಬ್ಬ ಡ್ರೈವರ್ ಇದ್ದರು, ಚಿತ್ರದುರ್ಗದವರೇ, ವಯಸ್ಸಾದವರು. ಮಂಗಳೂರಿನ ಘಾಟಿಯಲ್ಲಿ ದೊಡ್ಡ ಟ್ಯಾಂಕರು ಓಡಿಸಿ ಸಾಕಾಗಿ ನಮ್ಮ ಸಣ್ಣ ಗಾಡಿಗೆ ಬಂದವರು. ನಾನು ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದೆ. ಗಾಡಿ ಅವರದು, ಪೈಪು ಮತ್ತು ದುಡ್ಡು ನನ್ನದು ಎಂದು ಮಾತಾಯಿತು. ಮೀಟರು ಸೊನ್ನೆಗೆ ತರುವುದು, ಪೈಪಿನ ಬೀಗ ತೆಗೆಯುವುದು, ಮೀಟರಿನಿಂದ ಅಚ್ಚಾಗಿ ಬರುವ ಚೀಟಿ ಹರಿಯುವುದು ಎಲ್ಲಾ ಅವರೇ ಒಂದು ಬೆಳಿಗ್ಗೆ ತೋರಿಸಿಕೊಟ್ಟರು.

ನಾನು ಮತ್ತೋಡು ಕಡೆಯವಳು. ನಮ್ಮಪ್ಪನಿಗೆ ಕುರಿಯೇ ಬದುಕು. ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಒಳಗೆ ಕೈ ಹಿಡಿದು ಬೆರಳು ಒತ್ತಿ ವ್ಯಾಪಾರ ಕುದುರಿಸುವಾಗ ನಾನು ಪಕ್ಕದಲ್ಲಿ ನಿಂತು ನೋಡಿದವಳು. ಒಂದು ಕೈ ಟವೆಲ್ಲಿನೊಳಗೆ ಇದ್ದರೂ ನಮ್ಮಪ್ಪನ ಇನ್ನೊಂದು ಕೈ ಕುರಿಯ ಹಗ್ಗ ಬಿಡುತ್ತಿರಲಿಲ್ಲ. "ಹಗ್ಗ ಕೈಯಾಗಿದ್ರೆ ಕುರಿ ನಮ್ದು. ಬಿಟ್ರೆ ಬರೇ ಮಾತು ನಮ್ದು" ಎನ್ನುತ್ತಿದ್ದ. ಅಕ್ಷರ ಬಾರದ ಮನುಷ್ಯನಿಗೆ ತಿಳಿದದ್ದು, ಬಿ.ಕಾಂ. ಮಾಡಿದ ನನ್ನ ಗಂಡನಿಗೆ ತಿಳಿದಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರಿಗೂ ತಿಳಿದಿತ್ತು. ಹಿಡಿದುಕೊಳ್ಳಲು ನಾಚಿಕೆ, ಅಷ್ಟೇ.

ಮೊದಲ ದಿನ ಹೊಳಲ್ಕೆರೆ ರಸ್ತೆಯ ಒಂದು ಕ್ರಷರಿಗೆ ಹೋದೆವು. ಅಲ್ಲಿಯ ಸೂಪರ್‌ವೈಸರು ನನ್ನನ್ನು ಕಂಡೂ ಕಾಣದವನಂತೆ ಡ್ರೈವರಣ್ಣನ ಹತ್ತಿರ ಹೋಗಿ, "ಹಾಕಪ್ಪ, ಮೂರು ಗಾಡಿಗೂ ಫುಲ್ ಮಾಡು" ಎಂದ. ಡ್ರೈವರಣ್ಣ ಬೀಡಿ ಹಿಡಿದಿದ್ದ ಬೆರಳಲ್ಲೇ ನನ್ನ ಕಡೆ ತೋರಿಸಿದರು. ಆ ಬೀಡಿಗೆ ಬೆಂಕಿ ಹಚ್ಚುವುದು ಟ್ಯಾಂಕರಿನಿಂದ ದೂರ ಹೋದ ಮೇಲೆಯೇ.

"ಮೊದಲು ದುಡ್ಡು, ಆಮೇಲೆ ಪೈಪು" ಎಂದೆ.

ಆತ ನಕ್ಕ. "ಇದೇನಕ್ಕಾ, ಹೊಸಾ ಕಾನೂನು?"

"ಬಂಕಿನೋರ್ದು ಹಳೇ ಕಾನೂನು ಕಣಪ್ಪ. ನಮ್ ಮನೀಗೆ ಇವತ್ತು ಬಂತು."

ಆತ ಫೋನು ಹಿಡಿದು ಆಚೆ ಹೋದ. ನಾವು ಬಿಸಿಲಲ್ಲಿ ಕಾದೆವು. ಕ್ರಷರಿನ ಧೂಳು ಮೈಮೇಲೆಲ್ಲಾ ಕೂತಿತು. ಆತ ಮರಳಿ ಬರುವ ಲಕ್ಷಣ ಕಾಣದೆ, "ಹೋಗಾಣ ನಡೀರಿ" ಎಂದೆ. ಡ್ರೈವರಣ್ಣ ಒಂದು ಸಲ ನನ್ನ ಮುಖ ನೋಡಿ ಗಾಡಿ ತಿರುಗಿಸಿದರು. ಟಾರು ರಸ್ತೆ ಸೇರುವಷ್ಟರಲ್ಲಿ ಹಿಂದಿನಿಂದ ಬೈಕು ಬಂತು. ಆತನ ಕೈಯಲ್ಲಿದ್ದ ಫೋನಿನಲ್ಲಿ ನಮ್ಮ ಖಾತೆಗೆ ದುಡ್ಡು ಹೋದ ಗುರುತಿತ್ತು. ನನ್ನ ಫೋನಿಗೂ ಬಂತು. ವಾಪಸು ಹೋಗಿ ಮೂರು ಗಾಡಿಗೂ ಹಾಕಿದೆ. ಚೀಟಿ ಹರಿದು ಆತನ ಕೈಗೇ ಕೊಟ್ಟೆ.

ಹಿರಿಯೂರಿನ ಬೋರ್‌ವೆಲ್ ಗಾಡಿಯವರದು ಬೇರೆ ಕಥೆ. ಅವರು ಕೊಡುವವರೇ, ಆದರೆ ನೋಟು. ಕೊರೆಯುವ ಕಡೆ ನಿಂತು ಕೊಡುವ ನೋಟಿಗೆ ಕಲ್ಲುಹುಡಿಯ ಬಿಳಿ ಕೆಸರು ಅಂಟಿಕೊಂಡಿರುತ್ತಿತ್ತು. ಬ್ಯಾಂಕಿನ ಯಂತ್ರಕ್ಕೆ ಹಾಕಿದರೆ ಅದು ಉಗುಳಿಬಿಡುತ್ತಿತ್ತು. ನಾನು ಅವರ ಮಾಲೀಕನಿಗೆ ಫೋನು ಮಾಡಿ, "ನೀವ್ ಮನೇಲಿ ಕುಂತು ಖಾತೆಗೆ ಹಾಕ್ರಿ. ನಿಮ್ಮ ಹುಡುಗ್ರು ಕೆಸರು ಕೈಯಾಗೆ ದುಡ್ಡು ಹಿಡ್ಕಂಡು ನಿಂತಿರೋದು ಅವ್ರಿಗೂ ಕಷ್ಟ, ನನಗೂ ಕಷ್ಟ" ಎಂದೆ. ಆತ ಜಗಳವಿಲ್ಲದೆ ಒಪ್ಪಿದ. ಎಲ್ಲರೂ ಕೆಟ್ಟವರಲ್ಲ. ಕೇಳುವವರಿರಲಿಲ್ಲ, ಅದಕ್ಕೆ ಹಾಗೆ ನಡೆದುಕೊಂಡು ಬಂದಿತ್ತು.

ನಮಗೆ ಎಲ್ಲರಿಗಿಂತ ಹೆಚ್ಚು ಬಾಕಿ ಇದ್ದದ್ದು ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ರಸ್ತೆ ಕೆಲಸ ಮಾಡುತ್ತಿದ್ದ ಕಂಟ್ರಾಕ್ಟರರ ಕ್ಯಾಂಪಿನಿಂದ. ಲಕ್ಷಗಳಲ್ಲಿತ್ತು. ಅಲ್ಲಿ ಡೀಸೆಲ್ಲಿನ ವ್ಯವಹಾರವೆಲ್ಲಾ ಒಬ್ಬ ಮ್ಯಾನೇಜರಿನದು. ಧೂಳಿನ ನಡುವೆಯೂ ಬೂಟು ಹೊಳೆಯುವಂಥ ಮನುಷ್ಯ. ತಗಡಿನ ಆಫೀಸಿನಲ್ಲಿ ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ.

"ಯಜಮಾನ್ರು ಹೆಂಗವ್ರೆ?"

"ಇನ್ನೂ ನಡೆಯಾಕಾಗಲ್ಲ. ಹಳೇ ಬಾಕಿ ವಿಚಾರ ಮಾತಾಡಾಣ ಅಂತ ಬಂದೆ."

"ಬರುತ್ತೆ, ಎಲ್ಲಿ ಹೋಗುತ್ತೆ? ಈಗ ಡೀಸೆಲ್ ಹಾಕ್ರಿ. ಬಿಲ್ಲು ಮಾತ್ರ ಕೈಯಾಗೆ ಬರೀರಿ. ನೂರು ಲೀಟರಿಗೆ ಐದು ಜಾಸ್ತಿ. ನಮ್ಮ ಆಫೀಸಿಂದ ದುಡ್ಡು ಬಂದಾಗ ಆ ಐದರದ್ದು ನನ್ನ ಕೈಗೆ ತಂದ್ಕೊಡ್ರಿ." ನಾನು ಮಾತಾಡದೆ ಇದ್ದದ್ದು ನೋಡಿ, "ಯಜಮಾನ್ರು ಹೇಳಿಲ್ವಾ? ಮೊದಲಿಂದ ಹಂಗೇ ನಡ್ಕಂಡು ಬಂದೈತೆ" ಎಂದ.

ಹೇಳಿರಲಿಲ್ಲ. ಕಿವಿ ಬಿಸಿಯಾಯಿತು. ಆ ಮನುಷ್ಯನ ಮಾತಿಗಿಂತ, ಅವನು ಹೇಳಿ ನಾನು ತಿಳಿಯುವಂತಾಯಿತಲ್ಲ ಎನ್ನುವುದಕ್ಕೆ.

"ಮೀಟರು ಎಷ್ಟು ತೋರಿಸ್ತದೋ ಅಷ್ಟೇ ಬಿಲ್ಲು" ಎಂದೆ.

"ಹಂಗಾದ್ರೆ ಹಳೇದು ಯಾವಾಗ ಬರುತ್ತೋ ನನಗೆ ಗೊತ್ತಿಲ್ಲ ಅಕ್ಕ."

"ನನಗೆ ಗೊತ್ತೈತೆ. ನಾನು ಕೇಳಿದಾಗ ಬರುತ್ತೆ." ಹೀಗೆಂದು ಎದ್ದು ಬಂದೆ. ಹೇಗೆ ಬರುತ್ತದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ತುಂಬಿದ ಟ್ಯಾಂಕರನ್ನು ಹಾಗೇ ತಿರುಗಿಸಿಕೊಂಡು ಬಂದೆವು.

ಮನೆಗೆ ಬಂದವಳು ಕೈಕಾಲು ತೊಳೆಯದೆ ಮಂಚದ ಹತ್ತಿರ ನಿಂತೆ. ಕೇಳಿದೆ. ಯಜಮಾನರು ಗೋಡೆಯ ಕಡೆ ನೋಡಿದರು.

"ಕೊಡ್ದಿದ್ರೆ ಆರ್ಡರ್ ಎಲ್ಲಿರ್ತಿತ್ತು? ಎಲ್ಲಾ ಗಾಡಿಯೋರೂ ಕೊಡ್ತಾರೆ."

"ಆ ಬಿಲ್ಲಿನ ಮೇಲೆ ಸಹಿ ಯಾರ್ದು?"

"ನಂದು."

"ಅವನ್ದು?"

ಅವರು ಹೊದಿಕೆ ಎದೆಯ ತನಕ ಎಳೆದುಕೊಂಡರು.

"ನಾಳೆ ಯಾರಾದ್ರೂ ಕೇಳಿದ್ರೆ ಅವನ ಹೆಸ್ರು ಎಲ್ಲೂ ಇಲ್ಲ. ನಿಮ್ದು ಒಂದೇ ಐತೆ. ನನ್ನ ಅಲ್ಲಿಗೆ ಕಳ್ಸೋವಾಗ ಒಂದ್ ಮಾತು ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಹೋಗ್ತಿರಲಿಲ್ಲ."

"ಹೋಗ್ತಿದ್ದೆ. ಇನ್ನೂ ಜೋರಾಗಿ ಹೋಗ್ತಿದ್ದೆ."

ಅವತ್ತು ನಾನು ಅಡುಗೆ ಮಾಡಿದೆ, ಬಡಿಸಿದೆ, ಮಾತಾಡಲಿಲ್ಲ. ಹಾಸಿಗೆಯಲ್ಲಿರುವ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪಾಪ ಎಂದು ನೆಂಟರು ಹೇಳುತ್ತಾರೆ. ಸೊಂಟ ಮುರಿದ ಮಾತ್ರಕ್ಕೆ ಮನುಷ್ಯ ಮಾಡಿದ್ದು ಸರಿಯಾಗುವುದಿಲ್ಲ.

ಬಂಕಿನ ಪಕ್ಕದ ಟೀ ಅಂಗಡಿಯಲ್ಲಿ ನಮ್ಮಂಥ ಸಣ್ಣ ಟ್ಯಾಂಕರಿನ ಮಾಲೀಕರು ನಾಲ್ಕೈದು ಜನ ಸೇರುತ್ತಾರೆ. ಅಲ್ಲಿ ಹೆಂಗಸರು ಕೂರುವ ರೂಢಿಯಿಲ್ಲ. ನಾನು ಕೂತೆ. ಆ ಕ್ಯಾಂಪಿನಿಂದ ಯಾರ್ಯಾರಿಗೆ ಬಾಕಿ ಇದೆ ಎಂದು ಕೇಳಿದೆ. ಎಲ್ಲರಿಗೂ ಇತ್ತು. ಎಲ್ಲರೂ ಆ ಐದನ್ನು ಕೊಡುತ್ತಿದ್ದರು, ಮತ್ತು ತಾನೊಬ್ಬನೇ ಮ್ಯಾನೇಜರಿಗೆ ಬೇಕಾದವನು ಎಂದು ಒಬ್ಬೊಬ್ಬರೂ ತಿಳಿದುಕೊಂಡಿದ್ದರು.

ಅವರಲ್ಲಿ ಎಲ್ಲರಿಗಿಂತ ಚಿಕ್ಕವನು, ಹೊಸದಾಗಿ ಸಾಲದ ಮೇಲೆ ಗಾಡಿ ತಂದವನು, ಲೋಟ ಕೆಳಗಿಟ್ಟು ಹೇಳಿದ: "ನೀವ್ ನಿಲ್ಸಿದ್ರೆ ನನ್ನ ಕರೀತಾನೆ. ನಾನ್ ನಿಲ್ಸಿದ್ರೆ ಇವ್ರನ್ನ ಕರೀತಾನೆ. ಹಿಂಗೇ ಕುಣಿಸ್ತಾನೆ ಕಣಕ್ಕ."

"ಒಂದೇ ಸಲ ಎಲ್ಲರೂ ನಿಲ್ಸಿದ್ರೆ ಯಾರನ್ನ ಕರೀತಾನೆ?" ಎಂದೆ.

ಯಾರೂ ಎದ್ದು ಹೋಗಲಿಲ್ಲ. ಹಳೇ ಬಾಕಿ ಬರುವವರೆಗೆ ಆ ಕ್ಯಾಂಪಿಗೆ ಯಾರೂ ಹೋಗುವುದು ಬೇಡ ಎಂದು ಕೊನೆಗೆ ಒಪ್ಪಿದರು. ಒಪ್ಪಿದ ಕೆಲವೇ ದಿನಗಳಲ್ಲಿ ಆ ಚಿಕ್ಕವನೇ ಗುಟ್ಟಾಗಿ ಹೋಗಿ ಹಾಕಿ ಬಂದ. ಗಾಡಿಯ ಕಂತು ಕುತ್ತಿಗೆಗೆ ಬಂದಿತ್ತು. ಮ್ಯಾನೇಜರು ಅವನಿಗೂ ದುಡ್ಡು ಕೊಡಲಿಲ್ಲ. ಬಂಕಿನವರು ಅವನ ಗಾಡಿಗೆ ತುಂಬಲಿಲ್ಲ. ಅವನ ಗಾಡಿಯೂ ನಿಂತಿತು. ಉಳಿದವರು ಅವನನ್ನು ಬಯ್ದರು. ನಾನು ಬಯ್ಯಲಿಲ್ಲ. ಬಯ್ದಿದ್ದರೆ ಮ್ಯಾನೇಜರಿಗೆ ಸಲ್ಲಬೇಕಾದ ಬೈಗುಳ ಅವನಿಗೆ ಖರ್ಚಾಗುತ್ತಿತ್ತು.

ಒಂದು ದಿನ ಬಿಸಿಲು ಏರುವ ಹೊತ್ತಿಗೆ ಮ್ಯಾನೇಜರಿನ ಫೋನು ಬಂತು. "ಅಕ್ಕ, ಅರ್ಜೆಂಟು. ಫುಲ್ ಲೋಡು ತಗಂಡು ಬರ್ರಿ. ಬೇಗ."

"ಹಳೇದು?"

"ಬರ್ರಿ, ಮಾತಾಡಾಣ."

ಹಳೇ ಬಾಕಿ ಬರದೆ ಬೀಗ ತೆಗೆಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು, ಬಂಕಿಗೆ ಕಟ್ಟಲು ಇದ್ದ ದುಡ್ಡೆಲ್ಲಾ ಕಟ್ಟಿ ತುಂಬಿಸಿಕೊಂಡು ಹೋದೆವು. ಅಲ್ಲಿ ಹೋಗಿ ನೋಡಿದರೆ ಕೆಲಸ ಅರ್ಧಕ್ಕೆ ನಿಂತಿದೆ. ಡಾಂಬರು ಹಾಸುವ ಯಂತ್ರದಲ್ಲಿ ಡೀಸೆಲ್ ಮುಗಿದಿದೆ, ರೋಲರಿನಲ್ಲೂ ಇಲ್ಲ. ಅದರ ಹಿಂದೆ ಟಿಪ್ಪರುಗಳ ಸಾಲು, ತಾಡಪತ್ರಿಯ ಕೆಳಗೆ ಬಿಸಿ ಡಾಂಬರು ಜಲ್ಲಿ ಹೊಗೆಯಾಡುತ್ತಿದೆ. ಅದು ಆರಿದರೆ ಕಲ್ಲಾಗುತ್ತದೆ, ಟಿಪ್ಪರಿನಿಂದ ಕೆರೆದು ತೆಗೆಯಬೇಕು. ಕೂಲಿಯವರು ಹೊಂಗೆಮರದ ನೆರಳಲ್ಲಿ ಕೂತಿದ್ದರು. ಮ್ಯಾನೇಜರು ಓಡಿ ಬಂದ. ಬೂಟು ಅವತ್ತು ಹೊಳೆಯುತ್ತಿರಲಿಲ್ಲ.

"ಹಾಕ್ರಿ ಅಕ್ಕ, ಹಾಕ್ರಿ."

ನಾನು ಪೈಪು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಬೀಗ ತೆಗೆಯಲಿಲ್ಲ.

"ಹಳೇ ಬಾಕಿ ಹಾಕ್ಸ್ರಿ. ಇವತ್ತಿಂದೂ ಹಾಕ್ಸ್ರಿ. ಆಮೇಲೆ ಬೀಗ ತೆಗೀತೀನಿ."

"ಸಂಜೆ ಹಾಕಿಸ್ತೀನಿ. ನನ್ನ ಮಾತು ನಂಬ್ರಿ."

"ಸಂಜೆಗೆ ನಿಮ್ಮ ಡಾಂಬ್ರು ತಣ್ಣಗಾಗಿರ್ತದೆ."

ಆತ ಡ್ರೈವರಣ್ಣನ ಕಡೆ ತಿರುಗಿದ. "ಏನಪ್ಪ, ದೊಡ್ಡೋನು ನೀನು. ನೀನಾದ್ರೂ ಹೇಳು."

"ಗಾಡಿ ಓಡ್ಸೋದು ನಾನು. ಪೈಪು ಅವರ್ದು" ಎಂದರು ಡ್ರೈವರಣ್ಣ. ಹೇಳಿ, ನನ್ನ ಪಕ್ಕಕ್ಕೆ ಬಂದು ನಿಂತರು.

ಆಗ ಕಂಟ್ರಾಕ್ಟರರ ಕಾರು ಬಂತು. ಇಳಿದವರು ಯಾಕೆ ನಿಂತಿದೆ ಎಂದು ಕೇಳಿದರು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಬಾಕಿ ಹೇಳಿದೆ. ನೂರಕ್ಕೆ ಐದು ಜಾಸ್ತಿ ಬರೆಸಿಕೊಳ್ಳುವುದನ್ನೂ, ಆ ದುಡ್ಡು ಯಾರ ಕೈಗೆ ಹೋಗುತ್ತದೆ ಎನ್ನುವುದನ್ನೂ, ಅದನ್ನು ಬರೆದದ್ದು ನಮ್ಮ ಯಜಮಾನರೇ ಎನ್ನುವುದನ್ನೂ ಎಲ್ಲರ ಎದುರಿಗೆ ಹೇಳಿದೆ. ಹೊಂಗೆಮರದ ಕೆಳಗಿದ್ದವರು ಎದ್ದು ಹತ್ತಿರ ಬಂದರು. ಈಗ ಇವರು ಮ್ಯಾನೇಜರಿಗೆ ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡಿದ್ದೆ.

ಕಂಟ್ರಾಕ್ಟರರು ಅವನ ಕಡೆ ನೋಡಲೂ ಇಲ್ಲ. "ಗೊತ್ತಮ್ಮ" ಎಂದರು. "ಅದೆಲ್ಲಾ ಎಲ್ಲಾ ಕಡೆ ಇರೋದೇ. ಕೆಲಸ ಮಾಡೋರಿಗೆ ನಾಲ್ಕು ಕಾಸು ಸಿಗ್ಬೇಕಲ್ಲ. ನೀವ್ ಈಗ ಡೀಸೆಲ್ ಹಾಕ್ರಿ."

ಮನೆಯ ಮಾನವನ್ನು ರಸ್ತೆಯಲ್ಲಿ ಹರವಿದ್ದೆ. ಅದು ಅವರಿಗೆ ಹಳೆಯ ಸುದ್ದಿ. ಆಮೇಲೆ ಬಂದ ಸಿಟ್ಟು ತಣ್ಣಗಿತ್ತು.

"ನಿಮಗೆ ಗೊತ್ತಿದ್ದದ್ದು ಒಳ್ಳೇದಾಯ್ತು" ಎಂದೆ. "ಹಂಗಾದ್ರೆ ನಮ್ಮ ದುಡ್ಡು ಹಿಡ್ಕಂಡಿರೋದೂ ನಿಮಗೆ ಗೊತ್ತಿದ್ದೇ ಐತೆ. ಹಳೇ ಬಿಲ್ಲಿನಾಗೆ ಆ ಐದನ್ನ ಕಳೀರಿ. ನಮ್ಮ ಮೀಟರು ಎಷ್ಟು ಹಾಕ್ತೋ ಅಷ್ಟು ಹಾಕ್ಸ್ರಿ. ಕಮ್ಮೀನೂ ಬ್ಯಾಡ, ಜಾಸ್ತೀನೂ ಬ್ಯಾಡ."

"ಜಾಸ್ತಿ ಬ್ಯಾಡ್ವಾ?"

"ನಮ್ದಲ್ಲ ಅದು."

ಅವರು ಆಗ ನನ್ನನ್ನು ಸರಿಯಾಗಿ ನೋಡಿದರು. ಟಿಪ್ಪರುಗಳ ಕಡೆ ನೋಡಿದರು. ಫೋನು ತೆಗೆದು ಆಫೀಸಿಗೆ ಮಾತಾಡಿದರು. ನಾವು ನಿಂತೇ ಇದ್ದೆವು. ಡಾಂಬರಿನ ಹೊಗೆ ಕಣ್ಣಿಗೆ ಬರುತ್ತಿತ್ತು. ಪೈಪಿನ ಭಾರಕ್ಕೆ ಭುಜ ನೋಯುತ್ತಿತ್ತು, ಆದರೂ ಕೆಳಗಿಡಲಿಲ್ಲ. ನನ್ನ ಫೋನು ಸದ್ದು ಮಾಡಿತು. ನೋಡಿದೆ. ಡ್ರೈವರಣ್ಣನಿಗೂ ತೋರಿಸಿದೆ, ಇಬ್ಬರೂ ಓದಿದೆವು. ಸರಿಯಿತ್ತು. ಆಮೇಲೆ ಬೀಗ ತೆಗೆದೆ.

ಹಾಸುವ ಯಂತ್ರಕ್ಕೆ ಹಾಕಿದೆ, ರೋಲರಿಗೆ ಹಾಕಿದೆ. ಚೀಟಿ ಹರಿದು ಮ್ಯಾನೇಜರಿಗೆ ಚಾಚಿದರೆ ಆತ ಕೈ ಮುಂದೆ ಮಾಡಲಿಲ್ಲ. ರೋಲರಿನ ಸೀಟಿನ ಮೇಲಿಟ್ಟು, ಹಾರಿಹೋಗದಂತೆ ಮೇಲೊಂದು ಜಲ್ಲಿಕಲ್ಲು ಇಟ್ಟು ಬಂದೆ.

ಆ ಕ್ಯಾಂಪಿನವರು ನಮ್ಮನ್ನು ಮತ್ತೆ ಕರೆಯಲಿಲ್ಲ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಬೇರೆ ಕಡೆ ಇನ್ನೂ ದೊಡ್ಡ ಕ್ಯಾಂಪು ನೋಡಿಕೊಳ್ಳುತ್ತಿದ್ದಾನೆ ಎಂದು ಕೇಳಿದೆ. ನಮ್ಮ ಜೊತೆಯ ಟ್ಯಾಂಕರಿನವರಲ್ಲಿ ಇಬ್ಬರು ನನ್ನಂತೆಯೇ ನಿಂತು ತಮ್ಮದನ್ನು ವಸೂಲು ಮಾಡಿಕೊಂಡರು. ಆ ಚಿಕ್ಕವನದು ಇನ್ನೂ ಪೂರ್ತಿ ಬಂದಿಲ್ಲ. ನಮಗೂ ಒಂದೆರಡು ಕ್ರಷರು ಕೈಬಿಟ್ಟವು. ಹಾಕುವ ಲೀಟರು ಮೊದಲಿಗಿಂತ ಕಡಿಮೆ. ಆದರೆ ಹಾಕಿದ್ದರ ದುಡ್ಡು ಹಾಕಿದ ದಿನವೇ ಬರುತ್ತದೆ, ಬಂಕಿಗೆ ಹೋಗುವಾಗ ನಾನು ಸಾಲಕ್ಕೆಂದು ಯಾರ ಮನೆಯ ಬಾಗಿಲಿಗೂ ಹೋಗುವುದಿಲ್ಲ. "ಗಯ್ಯಾಳಿ ಬಂದ್ಲು, ಫೋನ್ ತೆಗೀರಲೇ" ಎಂದು ಅವರವರಲ್ಲೇ ಹೇಳಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಹೇಳಲಿ. ಫೋನು ತೆಗೆಯುತ್ತಾರಲ್ಲ.

ಯಜಮಾನರಿಗೆ ಮಾತ್ರ ಆ ದಿನದ್ದು ಇನ್ನೂ ಹೊಟ್ಟೆಯಲ್ಲಿದೆ. "ದುಡ್ಡು ಕೇಳಿದ್ದು ಸರಿ. ನನ್ನ ಹೆಸ್ರು ಯಾಕೆ ಎಳ್ದೆ, ಅಷ್ಟು ಜನದ ಮುಂದೆ?" ಎನ್ನುತ್ತಾರೆ. ಎಳೆಯದೆ ಹೇಳಿದ್ದರೆ ಅದು ಅರ್ಧ ಸುಳ್ಳಾಗುತ್ತಿತ್ತು ಎಂದು ನಾನು ಹೇಳಿದ್ದೇನೆ. ಅವರು ಒಪ್ಪಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದಾಗುತ್ತೇವೆ ಎಂದು ನನಗೆ ಅನ್ನಿಸುವುದೂ ಇಲ್ಲ.

ಈಗ ಅವರು ಕೋಲು ಹಿಡಿದು ನಡೆಯುತ್ತಾರೆ. ಮೊನ್ನೆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಡಿಯ ಹತ್ತಿರ ಬಂದರು. ನಾನು ಆಗಲೇ ಕ್ಯಾಬಿನ್ನಿನಲ್ಲಿ ಕೂತಿದ್ದೆ.

"ಇನ್ನ ನೀನು ಬರೋದು ಬ್ಯಾಡ. ನಾನ್ ನೋಡ್ಕಂತೀನಿ. ಸಾಕಷ್ಟು ಮಾಡಿದೀಯ."

"ನೀವು ಬರ್ರಿ, ಬ್ಯಾಡ ಅನ್ನಲ್ಲ" ಎಂದೆ. "ನಾನು ಮಾತ್ರ ಇಳಿಯಲ್ಲ."

ಡ್ರೈವರಣ್ಣ ಗಾಜು ಒರೆಸುವ ನೆವ ಮಾಡಿಕೊಂಡು ಮುಂದಕ್ಕೆ ಹೋದರು. ಯಜಮಾನರು ಕೋಲು ಊರಿಕೊಂಡು ಕ್ಯಾಬಿನ್ನಿನ ಬಾಗಿಲಿಗೆ ಬಂದರು. ನಾನು ನಡುವಿಗೆ ಸರಿದು ಕಿಟಕಿಯ ಕಡೆ ಜಾಗ ಬಿಟ್ಟೆ. ಅವರು ಹತ್ತಲು ಕಷ್ಟಪಟ್ಟರು. ಕೈ ಕೊಟ್ಟೆ, ಹಿಡಿದುಕೊಂಡರು. ಅವತ್ತು ಹಿರಿಯೂರಿಗೆ ಹೋಗಬೇಕಿತ್ತು. ಪೈಪಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.